ಯಂತ್ರ ನಿಂತ ಹೊತ್ತಿನ ಲೆಕ್ಕ

ಮೈಸೂರು

ಪ್ರಿಯ ಗೆಳೆಯ,

ತೂಬಿನಕೆರೆಯ ಪ್ಯಾಕಿಂಗ್ ಘಟಕದ ಹೊಣೆ ನಿನ್ನ ಹೆಗಲಿಗೆ ಬಂದ ಸುದ್ದಿ ತಿಳಿದು ಸಂತೋಷವಾಯಿತು. ಕೆಲಸಗಾರರ ದಕ್ಷತೆ ಹೆಚ್ಚಿಸಲು ಮೊದಲು ಬೆರಳಚ್ಚಿನ ಹಾಜರಾತಿ ಯಂತ್ರ ತರಿಸಬೇಕೋ, ಹೊಸ ಸಾಫ್ಟ್‌ವೇರ್ ಹಾಕಿಸಬೇಕೋ ಎಂದು ಕೇಳಿದ್ದೀಯೆ. ಎರಡನ್ನೂ ಮುಂದಿನ ವರ್ಷಕ್ಕೆ ಇಟ್ಟುಕೊಂಡು, ಈ ತಿಂಗಳು ಒಂದು ಗಡಿಯಾರ ಮತ್ತು ನೋಟ್‌ಪುಸ್ತಕ ಹಿಡಿದು ಯಂತ್ರಗಳ ಪಕ್ಕದಲ್ಲೇ ನಿಂತಿರು.

ನಾನು ಹಿಂದೆ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಲೋಹದ ತಗಡನ್ನು ಒತ್ತಿ ರೂಪ ಕೊಡುವ ಪ್ರೆಸ್ಸಿನ ಡೈ, ಅಂದರೆ ಅಚ್ಚು, ಬದಲಾಯಿಸಲು ಪ್ರತಿ ಸಲ 2 ಗಂಟೆ 10 ನಿಮಿಷ ಹಿಡಿಯುತ್ತಿತ್ತು. ಹುಡುಗರು ಮೈಗಳ್ಳರು ಎಂದು ಮೇಲಿನವರು ತೀರ್ಮಾನಿಸಿ, ಕ್ಯಾಮೆರಾ ಹಾಕಿಸಿ, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕತ್ತರಿಸಿದರು. ಉತ್ಪಾದನೆ ಇದ್ದಲ್ಲೇ ಇತ್ತು, ಮುಖಗಳು ಮಾತ್ರ ಗಂಟಾದವು. ಕೊನೆಗೆ ಫೋರ್‌ಮನ್ ಮತ್ತು ನಾನು ಒಂದಿಡೀ ಶಿಫ್ಟು ಅಲ್ಲೇ ಕುಳಿತು ನಿಮಿಷ ನಿಮಿಷವನ್ನೂ ಬರೆದುಕೊಂಡೆವು. ಪ್ರೆಸ್ಸು ನಿಂತ ಮೇಲೆ ಡೈ ತರಲು ಸ್ಟೋರಿಗೆ ಆಳು ಹೋಗುತ್ತಿದ್ದ. ಬೋಲ್ಟುಗಳು ಮೂರು ಅಳತೆಯವಾದ್ದರಿಂದ ಮೂರು ಸ್ಪ್ಯಾನರ್ ಬೇಕಿತ್ತು, ಅದರಲ್ಲೊಂದು ಯಾವಾಗಲೂ ಪಕ್ಕದ ವಿಭಾಗದಲ್ಲಿರುತ್ತಿತ್ತು. ಮೊದಲ ತುಂಡನ್ನು ಪರೀಕ್ಷೆಗೆ ಒಯ್ದರೆ ಪರೀಕ್ಷಿಸುವವರು ಊಟಕ್ಕೆ ಹೋಗಿರುತ್ತಿದ್ದರು. ಬಿಚ್ಚಿ ಕಟ್ಟುವ ಅಸಲು ಕೆಲಸಕ್ಕೆ 130 ನಿಮಿಷಗಳಲ್ಲಿ 25 ಸಹ ಹಿಡಿದಿರಲಿಲ್ಲ.

ಇದಕ್ಕೆ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ದಾರಿ ತೋರಿಸಿ ಅರ್ಧ ಶತಮಾನ ದಾಟಿದೆ. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಮೊದಲು ಬೇರ್ಪಡಿಸಬೇಕು ಎನ್ನುವುದೇ ಅವರ ವಿಧಾನದ ತಿರುಳು. ಟೊಯೋಟಾದಲ್ಲಿ ನಾಲ್ಕು ಗಂಟೆ ನುಂಗುತ್ತಿದ್ದ 1,000 ಟನ್ ಪ್ರೆಸ್ಸಿನ ಡೈ ಬದಲಾವಣೆ ಈ ದಾರಿಯಲ್ಲಿ ಕಡೆಗೆ ಮೂರು ನಿಮಿಷಕ್ಕೆ ಇಳಿಯಿತು. ನಾವು ಅಷ್ಟು ದೂರ ಹೋಗಲಿಲ್ಲ. ಗುಜರಿ ಕಬ್ಬಿಣದಿಂದ ಒಂದು ಟ್ರಾಲಿ ಬೆಸೆದು, ಮುಂದಿನ ಡೈಯನ್ನು ಅರ್ಧ ಗಂಟೆ ಮೊದಲೇ ತಂದಿಟ್ಟು, ಬೋಲ್ಟುಗಳನ್ನೆಲ್ಲ ಒಂದೇ ಅಳತೆಗೆ ತಂದ ಮೇಲೆ 40 ನಿಮಿಷ ಸಾಕಾಯಿತು. ಬೋಲ್ಟಿನ ಉಪಾಯ ನನ್ನದಲ್ಲ. ಅಲ್ಲಿನ ಅತಿ ಹಳೆಯ ಕೆಲಸಗಾರರು ಅದನ್ನು ಹಿಂದಿನ ಇಬ್ಬರು ಅಧಿಕಾರಿಗಳಿಗೂ ಹೇಳಿದ್ದರಂತೆ, ಯಾರೂ ಬರೆದುಕೊಂಡಿರಲಿಲ್ಲ.

ಆಳಿನ ಬೆನ್ನಿಗೆ ಗಡಿಯಾರ ಹಿಡಿದವನೆಂದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್‌ನನ್ನು ಬೈಯುವುದು ವಾಡಿಕೆ. ಅದರಲ್ಲಿ ನಿಜವೂ ಇದೆ. ಆದರೆ ಯಾವ ಸರಕಿಗೆ ಯಾವ ಗಾತ್ರದ ಸಲಿಕೆ ಕೊಟ್ಟರೆ ದಿನವಿಡೀ ದಣಿಯದೆ ಹೆಚ್ಚು ತುಂಬಬಹುದೆಂದು ಅಳೆದು ನೋಡಿದವನೂ ಅವನೇ. ಅವನ 1911ರ ಪುಸ್ತಕದಿಂದ ನಮ್ಮವರು ಗಡಿಯಾರವನ್ನು ಎತ್ತಿಕೊಂಡು ಸಲಿಕೆಯನ್ನು ಅಲ್ಲೇ ಬಿಟ್ಟರೆಂದು ನನಗೆ ಅನಿಸುತ್ತದೆ.

ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದ ನಿನಗೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಕಡಿದ ಕಬ್ಬನ್ನು ಹೇರಿಕೊಂಡ ಗಾಡಿ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಬಿಸಿಲಿಗೆ ನಿಂತಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ; ಗಾಣದ ಉರುಳೆಗಳನ್ನು ಎಷ್ಟೇ ಜೋರಾಗಿ ತಿರುಗಿಸಿದರೂ ಹೋದ ಸಕ್ಕರೆ ಮರಳುವುದಿಲ್ಲ. ಯಾವ ಊರಿನ ಕಟಾವು ಯಾವ ದಿನ ಎಂಬ ಸರದಿ ನೆಟ್ಟಗಿದ್ದರೆ ಗಾಡಿಯೂ ಕಾಯುವುದಿಲ್ಲ, ಗಾಣವೂ ಕಾಯುವುದಿಲ್ಲ. ನಿನ್ನ ಪ್ಯಾಕಿಂಗ್ ಲೈನಿನಲ್ಲಿ ಅರ್ಧ ಕಿಲೋ ಪೊಟ್ಟಣದಿಂದ ಒಂದು ಕಿಲೋ ಪೊಟ್ಟಣಕ್ಕೆ ಬದಲಾಯಿಸುವಾಗ ಏನೇನು ಕಾಯುತ್ತದೆ ಎಂಬುದನ್ನು ಇದೇ ಕಣ್ಣಿನಿಂದ ನೋಡು.

ಮೊದಲ ವಾರದ ಟಿಪ್ಪಣಿಯನ್ನು ನನಗೆ ಕಳಿಸು. ಯಂತ್ರ ಏಕೆ ನಿಂತಿತು ಎಂಬ ಕಾಲಮ್ಮಿನಲ್ಲಿ ‘ಇತರೆ’ ಎಂದು ಬರೆಯಲು ಮಾತ್ರ ಯಾರಿಗೂ ಬಿಡಬೇಡ; ನಮ್ಮಲ್ಲಿ ಕಳೆದುಹೋದ ಹೊತ್ತಿನ ಅರ್ಧ ಪಾಲು ಆ ‘ಇತರೆ’ಯೊಳಗೇ ಅಡಗಿತ್ತು.

ಇಂತಿ ನಿನ್ನ,
ಹಳೆಯ ಸಹಪಾಠಿ