ನಿನ್ನೆ ಕೊನೆಯ ಡ್ರೆಸ್ಸಿಂಗ್ ಮುಗಿಯಿತು

ನಿನ್ನೆ ಸಿಸ್ಟರ್ ನನ್ನ ಸಿಸೇರಿಯನ್ ಗಾಯ ನೋಡಿ "ಪೂರ್ತಿ ಕೂಡಿಕೊಂಡಿದೆ, ಇನ್ನು ಬರೋದು ಬೇಡ" ಅಂದರು. ಏಳು ವಾರ ಆಗಿತ್ತು. ಮನೆಗೆ ಬಂದು ಮಗುವನ್ನು ಎತ್ತಿಕೊಂಡು ಅತ್ತುಬಿಟ್ಟೆ. ಇವತ್ತು ಸಮಾಧಾನವಾಗಿ ಕೂತು ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು.

ಮೊದಲು ನಮ್ಮಕ್ಕನಿಗೆ. ಸಿಸೇರಿಯನ್ ಆದ ಆರನೇ ದಿನ ಚಳಿ ಬಂದು 101 ಡಿಗ್ರಿ ಜ್ವರ ಏರಿತು. ಎದೆಹಾಲು ಕಟ್ಟಿಕೊಂಡಿರಬೇಕು ಅಂತ ನಾನು ಸುಮ್ನೆ ಮಲಗಿದ್ದೆ. ಹೊಲಿಗೆ ಇರುವುದು ಹೊಟ್ಟೆಯ ಮಡಿಕೆಯ ಕೆಳಗೆ, ನಮಗೆ ಕಾಣಿಸುವುದೇ ಇಲ್ಲ ಅಲ್ವಾ? ಅಕ್ಕನೇ ಟಾರ್ಚ್ ಹಿಡಿದು ನೋಡಿದಳು. ಒಂದು ತುದಿ ಕೆಂಪಾಗಿ ಊದಿತ್ತು, ಮುಟ್ಟಿದರೆ ಬಿಸಿ, ಬಟ್ಟೆಗೆ ಹಳದಿ ಕಲೆ, ಕೆಟ್ಟ ವಾಸನೆ ಬೇರೆ. ಬೆಳಗಾಗಲಿ ಅಂದೆ, ಕೇಳಲಿಲ್ಲ, ಆ ರಾತ್ರಿಯೇ ಹೊರಡಿಸಿದಳು. ಸೋಂಕು ರಕ್ತಕ್ಕೆ ಸೇರಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಅಂತ ಡಾಕ್ಟರ್ ಹೇಳಿದಾಗ ಕೈಕಾಲು ತಣ್ಣಗಾದವು. ಹೊಲಿಗೆಯ ಸೋಂಕು ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುವುದೇ ಜಾಸ್ತಿಯಂತೆ, 30 ದಿನ ಕಣ್ಣಿಟ್ಟಿರಬೇಕಂತೆ. ಹೊಸ ಬಾಣಂತಿಯರೇ, ದಿನಾ ಯಾರ ಕೈಲಾದರೂ ಹೊಲಿಗೆ ನೋಡಿಸಿಕೊಳ್ಳಿ. ನಾಚಿಕೊಳ್ಳಬೇಡಿ.

ಡಾಕ್ಟರ್ ಹೊಲಿಗೆ ಬಿಚ್ಚಿ ಕೀವು ತೆಗೆದು, ಯಾವ ರೋಗಾಣು ಅಂತ ತಿಳಿಯಲು ಅದನ್ನು ಕಲ್ಚರ್ ಟೆಸ್ಟಿಗೆ ಕಳಿಸಿ, ಹಾಲು ಕುಡಿಸಲು ತೊಂದರೆಯಾಗದ ಆ್ಯಂಟಿಬಯಾಟಿಕ್ ಕೊಟ್ಟರು. ನಾನು ಜಾಸ್ತಿ ಓಡಾಡಿದ್ದಕ್ಕೆ ಹೀಗಾಯಿತಾ ಅಂತ ಕೇಳಿದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, ನಿಮ್ಮಿಂದ ಏನೂ ತಪ್ಪಾಗಿಲ್ಲಮ್ಮ ಅಂದರು. ಆ ಮಾತು ನನಗೆ ಎಷ್ಟು ಬೇಕಾಗಿತ್ತೋ!

ಗಾಯವನ್ನು ತಕ್ಷಣ ಹೊಲಿಯಲಿಲ್ಲ. ಮೇಲೆ ಮುಚ್ಚಿದರೆ ಒಳಗೆ ಮತ್ತೆ ಕೀವು ಕಟ್ಟಬಹುದು, ತಳದಿಂದಲೇ ತುಂಬಿಕೊಂಡು ಬರಬೇಕು. ಅದಕ್ಕೇ ದಿನಾ ಡ್ರೆಸ್ಸಿಂಗ್. ಸಿಸ್ಟರ್, ನಿಮ್ಮ ಕೈಯನ್ನು ಹೇಗೆ ಮರೆಯಲಿ? ಒಳಗಿನ ಗಾಜ್ ಬಟ್ಟೆಯನ್ನು ಒಂದು ದಿನವೂ ಒಣಗಿದ್ದಾಗ ಎಳೆಯಲಿಲ್ಲ, ಸಲೈನ್ ಹಾಕಿ ನೆನೆಸಿ, ನಾನು ಉಸಿರು ಬಿಡುವ ತನಕ ಕಾದು, ಎಳೆ ಎಳೆಯಾಗಿ ತೆಗೆಯುತ್ತಿದ್ದಿರಿ. ವಾರಕ್ಕೊಮ್ಮೆ ಹತ್ತಿಯ ಕಡ್ಡಿ ಇಳಿಸಿ ಆಳ ಅಳೆದು ನನಗೂ ತೋರಿಸುತ್ತಿದ್ದಿರಿ. ಮೊದಲ ಸಲ 4 ಸೆಂಟಿಮೀಟರ್. ಆಮೇಲೆ 3. ಒಂದು ವಾರ ಏನೂ ಇಳಿಯದಿದ್ದಾಗ, "ಒಳಗೆ ಕೆಂಪು ಮಾಂಸ ಬರ್ತಿದೆ, ಅದೇ ಒಳ್ಳೇದು" ಅಂದಿರಿ. ನಂಬಿದೆ.

ನನ್ನ ಗಂಡನಿಗೂ. ಮಗುವಿನ ಕಾಲು ಗಾಯಕ್ಕೆ ತಾಗದಂತೆ ನನ್ನ ಕಂಕುಳ ಪಕ್ಕ ದಿಂಬಿಟ್ಟು ಹಾಲಿಗೆ ಹಿಡಿಸಿ, ಪ್ರತಿ ರಾತ್ರಿ ಎರಡು ಮೂರು ಸಲ ಎದ್ದರು.

ಇವತ್ತು ಬೆಳಿಗ್ಗೆ ಮಗುವನ್ನು ಹೊಟ್ಟೆ ಮೇಲೆ ಮಲಗಿಸಿಕೊಂಡೆ, ಇದೇ ಮೊದಲ ಸಲ. ಜೋರಾಗಿ ಒದ್ದಳು. ನೋಯಲಿಲ್ಲ.