ಟ್ಯಾಂಕ್ ತುಕ್ಕಿಗೆ ಇನ್ನು ಆಸಿಡ್ ಹಾಕುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಬೈಕಿನ ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕು ತೆಗೆಯುವ ರೀತಿ ಬದಲಾಗುತ್ತಿದೆ. ಇದುವರೆಗೆ ಬೆಳಿಗ್ಗೆ ಕೊಟ್ಟ ಟ್ಯಾಂಕನ್ನು ಸಂಜೆಗೆ ವಾಪಸ್ ಕೊಡುತ್ತಿದ್ದೆವು. ಇನ್ನು ಐದು ದಿನ ಬೇಕು. 900 ರೂಪಾಯಿ ಇದ್ದ ಕೂಲಿ 1,600 ಆಗುತ್ತದೆ. ತುಕ್ಕು ಮತ್ತೆ ಹಿಡಿಯದಂತೆ ಒಳಗೆ ಬಳಿಯುತ್ತಿದ್ದ ಕೋಟಿಂಗ್ ಕೂಡ ನಿಲ್ಲಿಸುತ್ತಿದ್ದೇವೆ. ದಿನವೂ ಜಾಸ್ತಿ, ದುಡ್ಡೂ ಜಾಸ್ತಿ, ಮೇಲೆ ಕೋಟಿಂಗ್ ಬೇರೆ ಇಲ್ಲ. ಸಿಟ್ಟು ಬರುತ್ತದೆ, ಅಲ್ವಾ? ಅದಕ್ಕೇ ಕಾರಣ ಹೇಳಲು ಈ ಪತ್ರ.

ನಮ್ಮಲ್ಲಿಗೆ ಬರುವ ಟ್ಯಾಂಕ್‌ಗಳಲ್ಲಿ ಹೆಚ್ಚಿನವು ಹಳೇ ಜಾವಾ ಮತ್ತು ಯೆಜ್ಡಿ ಬೈಕುಗಳವು. ಮೈಸೂರು ಅಂದ ಮೇಲೆ ಕೇಳಬೇಕೇ! ಇವನ್ನು ತಯಾರಿಸುತ್ತಿದ್ದ ಇಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಗೆ ಬಂದ ಕೊನೆಯ ಯೆಜ್ಡಿ ರೋಡ್‌ಕಿಂಗ್‌ಗೇ ಈಗ ಮೂವತ್ತರ ಹತ್ತಿರ ವಯಸ್ಸು. 1960ರ ದಶಕದ ಜಾವಾಗಳಿಗೆ ಅರವತ್ತರ ಶಾಂತಿ ಮಾಡಿಸಬೇಕು. ಆ ವಯಸ್ಸಿನ ತಗಡಿಗೆ ನಾವು ಮಾಡುತ್ತಿದ್ದ ಚಿಕಿತ್ಸೆ ಸರಿ ಇರಲಿಲ್ಲ ಅನ್ನುವುದು ನಿಧಾನವಾಗಿ ನಮಗೇ ಅರ್ಥವಾಯಿತು.

ತುಕ್ಕು ಎಲ್ಲಿಂದ ಬರುತ್ತದೆ ಅಂತ ಸುಮಾರು ಜನ ಕೇಳುತ್ತಾರೆ. ಪೆಟ್ರೋಲ್ ಇರುವ ಕಡೆ ನೀರಿಗೇನು ಕೆಲಸ ಅಂತ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಉಳಿದರ್ಧ ಗಾಳಿ. ಆ ಗಾಳಿಯಲ್ಲಿ ತೇವ ಇರುತ್ತದೆ. ರಾತ್ರಿ ತಣ್ಣಗಾದಾಗ ಅದು ತಗಡಿನ ಒಳಮೈ ಮೇಲೆ ಬೆವರಿನಂತೆ ಕೂರುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಜಾರಿ ತಳ ಸೇರುತ್ತದೆ. ಮಳೆಗಾಲದಲ್ಲಿ ಮುಚ್ಚಳದ ವಾಷರ್ ಸೋತಿದ್ದರೆ ಕೇಳುವುದೇ ಬೇಡ. ಈ ಗಾಡಿಗಳ ಟ್ಯಾಂಕ್ ಕುದುರೆ ಜೀನಿನ ಹಾಗೆ ಫ್ರೇಮಿನ ಮೇಲೆ ಕೂತಿರುತ್ತದೆ. ಎರಡೂ ಪಕ್ಕಕ್ಕೆ ಎರಡು ಹೊಟ್ಟೆ. ನೀರು ನಿಲ್ಲುವುದು, ತುಕ್ಕು ಶುರುವಾಗುವುದು ಆ ಹೊಟ್ಟೆಗಳ ತಳದಲ್ಲಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಮೇಲಿನ ಭಾಗ ಮಾತ್ರ. "ಒಳಗೆ ಕ್ಲೀನ್ ಇದೆ ಸಾರ್" ಅಂತ ನೀವು ಹೇಳುವಾಗ ನಾವು ಸುಮ್ಮನಿರುವುದು ಇದಕ್ಕೇ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇದೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ದಿನಾ ಓಡಿಸುವ ಗಾಡಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ, ನೀರು ಕೂರುವ ಮೊದಲೇ ಪೆಟ್ರೋಲ್ ಉರಿದು ಹೋಗುತ್ತದೆ. ಆದರೆ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಜಾಸ್ತಿಯಾದರೆ, ಎಥೆನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಮತ್ತೆ ಅದೇ ಎರಡು ಹೊಟ್ಟೆ.

ಇನ್ನು ಆಸಿಡ್ ವಿಷಯ. ಇಷ್ಟು ವರ್ಷ ನಾವು ಹಾಕುತ್ತಿದ್ದದ್ದು ಹೈಡ್ರೋಕ್ಲೋರಿಕ್ ಆಸಿಡ್. ಬಚ್ಚಲು ತೊಳೆಯಲು ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ಒಂದು ಗಂಟೆಯಲ್ಲಿ ತುಕ್ಕೆಲ್ಲ ಮಾಯ. ನೋಡಲು ಖುಷಿ. ಆದರೆ ಅದಕ್ಕೆ ತುಕ್ಕು ಯಾವುದು, ತಗಡು ಯಾವುದು ಅನ್ನುವ ಭೇದ ಇಲ್ಲ. ಎರಡನ್ನೂ ತಿನ್ನುತ್ತದೆ. ತಳದ ಜಾಯಿಂಟಿನ ಸಂದಿಯಲ್ಲಿ ಒಂದು ಹನಿ ಉಳಿದರೂ ಸಾಕು, ತೊಳೆದು ಕೊಟ್ಟ ಟ್ಯಾಂಕಿನಲ್ಲಿ ಅದು ಒಳಗೊಳಗೇ ಕೆಲಸ ಮುಂದುವರಿಸುತ್ತದೆ. ಪಕ್ಕದ ಕ್ರೋಮ್ ಮೇಲೆ ಚೆಲ್ಲಿದರೆ ಆ ಕಲೆಗೆ ಔಷಧಿ ಇಲ್ಲ. ಅದರ ಹೊಗೆ ನಮ್ಮ ಸ್ಪ್ಯಾನರ್‌ಗಳಿಗೂ ತುಕ್ಕು ಹಿಡಿಸಿತು. ತುಕ್ಕು ತೆಗೆಯುವ ಅಂಗಡಿಯಲ್ಲೇ ಲೇತ್ ಕೆಂಪಾಗಿ ಕೂತಿದ್ದು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೊನೆಗೆ ನಿರ್ಧಾರ ಮಾಡಿಸಿದ್ದು ಕಳೆದ ವರ್ಷದ ಒಂದು ಟ್ಯಾಂಕ್. ಅಪ್ಪನ ಕಾಲದ ಜಾವಾ, ಮಗ ತಂದುಕೊಟ್ಟಿದ್ದರು. ಬರುವಾಗ ಸೋರಿಕೆ ಇರಲಿಲ್ಲ. ಆಸಿಡ್ ಹಾಕಿ ತೊಳೆದು ನೀರು ತುಂಬಿದರೆ ತಳದಲ್ಲಿ ಏಳು ಸೂಜಿ ತೂತು! ತಗಡು ಮೊದಲೇ ತೂತಾಗಿತ್ತು, ತುಕ್ಕೇ ಬೂಚಿನ ಹಾಗೆ ಮುಚ್ಚಿಕೊಂಡಿತ್ತು ಅನ್ನುವುದು ನಿಜ. ಆದರೆ ಏಳರಲ್ಲಿ ಎಷ್ಟು ಹಳೆಯವು, ಎಷ್ಟು ನಮ್ಮ ಆಸಿಡ್ ಮಾಡಿದ್ದು ಅಂತ ಆಣೆ ಮಾಡಿ ಹೇಳಲು ನಮಗೆ ಆಗಲಿಲ್ಲ. ಬ್ರೇಜಿಂಗ್, ಅಂದರೆ ಹಿತ್ತಾಳೆ ಕರಗಿಸಿ ತೂತು ಮುಚ್ಚುವ ಕೆಲಸ, ನಮ್ಮ ಖರ್ಚಿನಲ್ಲೇ ಮಾಡಿಸಿಕೊಟ್ಟೆವು. ಬೆಂಕಿಯ ಕಾವಿಗೆ ಹಳೇ ಪೇಂಟ್ ಹೋಯಿತು. ಅವರು ಏನೂ ಅನ್ನಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ಇನ್ನು ಮುಂದೆ ಬಳಸುವುದು ಸಿಟ್ರಿಕ್ ಆಸಿಡ್. ಹೆಸರಿನಲ್ಲಿ ಆಸಿಡ್ ಇದೆ ಅಂತ ಗಾಬರಿಯಾಗಬೇಡಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಬಿಳಿ ಹರಳೇ ಇದು. ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಲೀಟರ್ ನೀರಿಗೆ 50 ಗ್ರಾಂ ಲೆಕ್ಕದಲ್ಲಿ, 12 ಲೀಟರ್ ಹಿಡಿಯುವ ಟ್ಯಾಂಕಿಗೆ 600 ಗ್ರಾಂ ಬೇಕು. ನೀರು ಬಿಸಿ ಇದ್ದರೆ ಕೆಲಸ ಬೇಗ ಆಗುತ್ತದೆ.

ಮೊದಲ ದಿನ ಪೂರ್ತಿ ಸೋಪಿನ ನೀರಿಗೇ ಹೋಗುತ್ತದೆ. ಇವು ಟೂ ಸ್ಟ್ರೋಕ್ ಗಾಡಿಗಳು, ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಹಾಕುತ್ತೀರಿ. ಆ ಆಯಿಲ್ ತುಕ್ಕಿನ ಮೇಲೂ ಪದರವಾಗಿ ಕೂತಿರುತ್ತದೆ. ಅದನ್ನು ಬಿಡಿಸದೆ ನಿಂಬೆ ಉಪ್ಪು ಹಾಕಿದರೆ ನೀರು ಆಯಿಲ್ ಮೇಲೆ ಜಾರಿಕೊಂಡು ಹೋಗುತ್ತದೆ, ತುಕ್ಕಿಗೆ ತಾಗುವುದೇ ಇಲ್ಲ. ಮನೆಯಲ್ಲೇ ಪ್ರಯತ್ನ ಮಾಡಿ "ಏನೂ ಆಗಲಿಲ್ಲ" ಅಂದವರೆಲ್ಲ ಎಡವಿದ್ದು ಇಲ್ಲೇ. ಸೋಪು ತೊಳೆದ ಮೇಲೆ ಒಳಗೆ ಹಳೇ ಚೈನಿನ ತುಂಡು ಬಿಟ್ಟು ಅಲ್ಲಾಡಿಸುತ್ತೇವೆ. ದಪ್ಪ ಹೊಪ್ಪಳೆ ಉದುರುತ್ತದೆ. ಮೊದಲು ನಟ್ಟು ಬೋಲ್ಟು ಹಾಕುತ್ತಿದ್ದೆವು. ಇಪ್ಪತ್ತು ಹಾಕಿ ಹತ್ತೊಂಬತ್ತು ಹೊರಗೆ ಬಂದ ದಿನ ಅದನ್ನು ಬಿಟ್ಟೆವು. ಚೈನಾದರೆ ಒಂದು ತುದಿ ಹಿಡಿದು ಎಳೆದರೆ ಆಯಿತು.

ಆಮೇಲೆ ನಿಂಬೆ ಉಪ್ಪಿನ ನೀರು ತುಂಬಿ ಒಂದು ರಾತ್ರಿ. ಬೆಳಿಗ್ಗೆ ನೋಡಿ, ಬೇಕಿದ್ದರೆ ಹೊಸ ನೀರು ತುಂಬಿ ಇನ್ನೊಂದು ರಾತ್ರಿ. ಇದೂ ತಗಡನ್ನು ಮುಟ್ಟುವುದೇ ಇಲ್ಲ ಅಂತೇನಿಲ್ಲ. ವಾರಗಟ್ಟಲೆ ಬಿಟ್ಟರೆ ಇದೂ ತಿನ್ನುತ್ತದೆ. ಆದರೆ ನಿಧಾನ, ನಮಗೆ ನೋಡಿ ನಿಲ್ಲಿಸಲು ಸಮಯ ಸಿಗುತ್ತದೆ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಹುಳಿ ಮುರಿಯಬೇಕು. ನಿಜವಾದ ಅವಸರ ಶುರುವಾಗುವುದು ಆಗ. ತುಕ್ಕು ಬಿಟ್ಟ ತಗಡು ಬೆತ್ತಲೆ ಇರುತ್ತದೆ. ಒದ್ದೆ ಬಿಟ್ಟರೆ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಬ್ಲೋವರ್ ಹಿಡಿದು ಒಣಗಿಸಿ, ಬಿಸಿ ಇರುವಾಗಲೇ ಟೂಟಿ ಆಯಿಲ್ (ನೀವು ಪೆಟ್ರೋಲಿಗೆ ಬೆರೆಸುವ ಅದೇ ಆಯಿಲ್) ಸುರಿದು ಎಲ್ಲ ಕಡೆ ಹರಡಿ ಮುಚ್ಚುತ್ತೇವೆ.

ಬ್ಯಾಟರಿ ಚಾರ್ಜರ್ ಕೊಟ್ಟು ಕರೆಂಟಿನಲ್ಲಿ ತುಕ್ಕು ಬಿಡಿಸುವ ವಿಧಾನವನ್ನೂ ಮಾಡಿ ನೋಡಿದೆವು. ಬಟ್ಟೆ ಸೋಡಾ ನೀರು, ನಡುವೆ ಕಬ್ಬಿಣದ ಸರಳು. ತಗಡಿಗೆ ಏನೂ ಆಗುವುದಿಲ್ಲ, ಅದು ದೊಡ್ಡ ಗುಣ. ಆದರೆ ಸರಳಿಗೆ ನೇರ ಕಾಣುವ ಭಾಗ ಚೆನ್ನಾಗಿ ಬಿಡುತ್ತದೆ, ಮರೆಯಲ್ಲಿರುವ ಹೊಟ್ಟೆಗಳು ಹಾಗೇ ಉಳಿಯುತ್ತವೆ. ಹೈಡ್ರೋಜನ್ ಬೇರೆ ಬರುತ್ತದೆ, ಕಿಡಿ ತಾಗಿದರೆ ಕಥೆ ಮುಗಿಯಿತು. ತೀರಾ ತೆಳುವಾದ ಟ್ಯಾಂಕಿಗೆ ಮಾತ್ರ, ಬಯಲಿನಲ್ಲಿಟ್ಟು, ಅದನ್ನು ಮಾಡುತ್ತೇವೆ.

ಕೋಟಿಂಗ್ ಯಾಕೆ ಬೇಡ? ಅದು ಹಿಡಿಯಬೇಕಾದರೆ ತಗಡು ಪೂರ್ತಿ ಒಣಗಿರಬೇಕು, ಚೂರೂ ಜಿಡ್ಡು ಇರಬಾರದು. ಐವತ್ತು ವರ್ಷ ಆಯಿಲ್ ಕುಡಿದ ಟ್ಯಾಂಕಿನಲ್ಲಿ ಅದು ಸುಲಭವಲ್ಲ. ಕೆಲವು ಕೋಟಿಂಗ್‌ಗಳನ್ನು ಎಥೆನಾಲ್ ಮೆತ್ತಗೆ ಮಾಡುತ್ತದೆ. ನಾವೇ ಹಾಕಿದ ಒಂದು ಕೋಟಿಂಗ್ ಎರಡೇ ವರ್ಷಕ್ಕೆ ಹಾಲಿನ ಕೆನೆಯ ಹಾಗೆ ಎದ್ದು, ಪೆಟ್ರೋಲ್ ಟ್ಯಾಪಿಗೆ ಸುತ್ತಿಕೊಂಡು, ನಂಜನಗೂಡು ರಸ್ತೆಯಲ್ಲಿ ಗಾಡಿ ನಿಲ್ಲಿಸಿತು. ಎದ್ದ ಕೋಟಿಂಗ್ ಕೀಳುವುದು ತುಕ್ಕು ತೆಗೆಯುವುದಕ್ಕಿಂತ ದೊಡ್ಡ ಪಾಡು. ಸೂಜಿ ತೂತು ಇದ್ದರೆ ಬ್ರೇಜಿಂಗ್ ಮಾಡಿಸೋಣ, ಬಳಿದು ಮುಚ್ಚುವುದು ಬೇಡ.

ಸೋರಿಕೆ ವಿಷಯದಲ್ಲೂ ಒಂದು ಹೊಸ ಪದ್ಧತಿ. ಟ್ಯಾಂಕ್ ತಗೊಳ್ಳುವಾಗ ನಿಮ್ಮ ಎದುರಿಗೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸ್ವಲ್ಪ ಗಾಳಿ ಕೊಟ್ಟು ಗುಳ್ಳೆ ಬರುತ್ತದಾ ನೋಡುತ್ತೇವೆ. ತುಕ್ಕು ಬಿಟ್ಟ ಮೇಲೆ ಇನ್ನೊಮ್ಮೆ. ಎರಡನೇ ಸಲ ಗುಳ್ಳೆ ಬಂದರೆ ಫೋನ್ ಮಾಡಿ ಕೇಳದೆ ಬೆಂಕಿ ಹಚ್ಚುವುದಿಲ್ಲ. ಬ್ರೇಜಿಂಗ್ ಖರ್ಚು ಬೇರೆ, ಮೊದಲೇ ಹೇಳುತ್ತೇವೆ.

ಎರಡು ಕಿಲೋಮೀಟರ್ ಓಡಿ ನಿಂತು, ಐದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಗಾಡಿ ಇದ್ದರೆ, ಕಾರ್ಬುರೇಟರ್ ಬಿಚ್ಚಿಸುವ ಮೊದಲು ಟ್ಯಾಪಿನ ಜಾಲರಿ ನೋಡಿ. ಅಲ್ಲಿ ಕೆಂಪು ಪುಡಿ ಸಿಕ್ಕರೆ ಟ್ಯಾಂಕ್ ತನ್ನಿ. ಎರಡು ಮೂರು ತಿಂಗಳು ಗಾಡಿ ನಿಲ್ಲಿಸುವವರು ಅರ್ಧ ಟ್ಯಾಂಕ್ ಬಿಡಬೇಡಿ. ಪೂರ್ತಿ ಖಾಲಿ ಮಾಡಿ, ಒಂದು ಲೋಟ ಟೂಟಿ ಆಯಿಲ್ ಹಾಕಿ ಅಲ್ಲಾಡಿಸಿ ಇಡಿ.

ಹಾಸನ, ಮಂಡ್ಯ ಕಡೆಯಿಂದ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಿದ್ದವರು ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ರೋಲ್ ಸುರಿದ ಮೇಲೂ ಒಳಗೆ ಆವಿ ಉಳಿದಿರುತ್ತದೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಎರಡು ಸಲ ಸೋಪಿನ ನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು ಒಣಗಿಸಿ, ಯಾರಾದರೂ ಈ ಕಡೆ ಬರುವಾಗ ಕೈಯಲ್ಲಿ ಕಳಿಸಿ.

ಈ ತಿಂಗಳೊಳಗೆ ಕೊಟ್ಟಿರುವ ಟ್ಯಾಂಕ್‌ಗಳಿಗೂ ಹೊಸ ರೀತಿಯಲ್ಲೇ ಕೆಲಸ ಮಾಡುತ್ತೇವೆ, ಹಳೇ ದರಕ್ಕೆ. ನಾವು ಈ ಹಿಂದೆ ಕೋಟಿಂಗ್ ಹಾಕಿಕೊಟ್ಟವರು ಟ್ಯಾಂಕ್ ತಂದು ತೋರಿಸಿ. ಎದ್ದಿದ್ದರೆ ಕೀಳುವ ಕೂಲಿ ತಗೊಳ್ಳುವುದಿಲ್ಲ.

ಹಾಂ, ಮುಚ್ಚಳಕ್ಕೆ ಬೀಗ ಇದ್ದರೆ ಕೀಲಿಯನ್ನೂ ಕೊಟ್ಟು ಹೋಗಿ. ಸದ್ಯಕ್ಕೆ ಮೂರು ಟ್ಯಾಂಕ್ ಬೀಗ ಹಾಕಿಕೊಂಡು ನಮ್ಮ ಬೆಂಚಿನ ಮೇಲೆ ಕೂತಿವೆ.

ಇಂತಿ,
ನಿಮ್ಮ ವರ್ಕ್‌ಶಾಪಿನವರು
ಮೈಸೂರು