26 ಪಾಯಿಂಟಿಗೆ ಸ್ಲ್ಯಾಮ್

ಮ್ಯಾಂಚೆಸ್ಟರ್

ಪ್ರೀತಿಯ ಕಾಕಾ,

ಬ್ರಿಜ್ ಆಟದಲ್ಲಿ ಕಡಿಮೆ ಪಾಯಿಂಟಿಗೂ ಸ್ಲ್ಯಾಮ್, ಅಂದರೆ 13 ಟ್ರಿಕ್ಕಿನಲ್ಲಿ (ಸುತ್ತಿನಲ್ಲಿ) 12 ಗೆಲ್ಲುತ್ತೇವೆ ಅನ್ನುವ ಸವಾಲು, ಹೇಳಬಹುದಾ ಅಂತ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಡುವೆ ಕಾಕು ಬೆಳಗಾವಿಯ ಮಳೆ, ತಿಲಕವಾಡಿಯ ರಸ್ತೆ ಅಂತ ಶುರು ಮಾಡಿದರು. ಅದಕ್ಕೇ ಈ ಪತ್ರ.

ಜೊತೆಗಾರರಿಬ್ಬರದೂ ಸೇರಿ 33 ಪಾಯಿಂಟ್ ಇಲ್ಲದೆ ಸ್ಲ್ಯಾಮ್ ಹೇಳಲೇಬಾರದು ಅಂತ ನಿಮ್ಮ ಗೆಳೆಯರು ಪಟ್ಟು ಹಿಡಿದಿದ್ದಾರಂತೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿಗೆ 40. ನೋ ಟ್ರಂಪ್‌ನಲ್ಲಿ (ಹುಕುಂ ಇಲ್ಲದ ಆಟದಲ್ಲಿ) ಇಬ್ಬರದೂ ಚಪ್ಪಟೆ ಕೈಯಾಗಿದ್ದರೆ, ಅಂದರೆ ನಾಲ್ಕೂ ಬಣ್ಣದ ಎಲೆ ಹೆಚ್ಚುಕಡಿಮೆ ಸಮನಾಗಿದ್ದರೆ, ಅವರ ಮಾತು ಸರಿ. ಹುಕುಂ ಚೆನ್ನಾಗಿ ಕೂಡಿ ಬಂದಾಗ ಆ ಲೆಕ್ಕ ಸುಮ್ನೆ ಹೆದರಿಸುತ್ತದೆ, ಅಷ್ಟೇ.

ಹೋದ ವಾರ ಇಲ್ಲಿ ಬಂದ ಕೈ ನೋಡಿ. ನನ್ನದು ಇಸ್ಪೀಟಿನಲ್ಲಿ ಎಕ್ಕ, ರಾಜ, 9, 6, 3. ಬದಾಮಿನಲ್ಲಿ ಎಕ್ಕ, 8, 5. ಚೌಕಟ್‌ನಲ್ಲಿ 8, 7, 4. ಕಿಲ್ವರ್‌ನಲ್ಲಿ ರಾಜ, 6. ಒಟ್ಟು 14. ನಾನು 'ಒಂದು ಇಸ್ಪೀಟ್' ಅಂದೆ. ಜೊತೆಗಾರ ಸೀದಾ 'ನಾಲ್ಕು ಚೌಕಟ್' ಅಂದ. ಇದಕ್ಕೆ ಸ್ಪ್ಲಿಂಟರ್ ಅಂತಾರೆ. ಇಸ್ಪೀಟಿಗೆ ನಾಲ್ಕೆಲೆ ಜೊತೆ ಕೊಡುತ್ತೇನೆ, ಚೌಕಟ್‌ನಲ್ಲಿ ಮಾತ್ರ ಹೆಚ್ಚೆಂದರೆ ಒಂದೇ ಎಲೆ ಅಂತ ಅದರ ಅರ್ಥ. ನನ್ನ ಆ ದರಿದ್ರ 8, 7, 4ಕ್ಕೆ ಆಗ ಬೆಲೆ ಬಂತು! ಒಂದು ಹೋದರೆ ಹೋಗಲಿ, ಉಳಿದೆರಡನ್ನು ಅವನ ಹುಕುಮಿನಿಂದ ಕಡಿಯಬಹುದು. ನನ್ನ ಪಾಯಿಂಟೆಲ್ಲ ಕೆಲಸಕ್ಕೆ ಬರುವ ಕಡೆಯೇ ಇದ್ದವು.

4 ನೋ ಟ್ರಂಪ್ ಕೇಳಿದೆ. ಎಕ್ಕ ಎಷ್ಟಿವೆ ಅಂತ ಜೊತೆಗಾರನನ್ನು ಕೇಳುವ ನಿಮ್ಮ ಬ್ಲ್ಯಾಕ್‌ವುಡ್ಡೇ, ಆದರೆ ಇಲ್ಲಿ ಹುಕುಂ ರಾಜನನ್ನೂ ಐದನೇ ಎಕ್ಕ ಅಂತ ಎಣಿಸುತ್ತೇವೆ. 'ಒಂದಿದೆ' ಅಂತ ಉತ್ತರ ಬಂತು. 6 ಇಸ್ಪೀಟ್, ಅಂದರೆ ಸ್ಲ್ಯಾಮ್, ಹೇಳಿಬಿಟ್ಟೆ. ಅವನದು ಬರೀ 12, ಇಬ್ಬರದೂ ಸೇರಿ 26: ಇಸ್ಪೀಟ್ ರಾಣಿ-ಗುಲಾಮ, ಬದಾಮ್ ರಾಜ-ರಾಣಿ, ಕಿಲ್ವರ್ ಎಕ್ಕ. ಹುಕುಮಿನಲ್ಲಿ 5, ಬದಾಮಿನಲ್ಲಿ 3, ಕಿಲ್ವರ್‌ನಲ್ಲಿ 2, ಕಡಿದದ್ದು 2. ಹನ್ನೆರಡು ಟ್ರಿಕ್ ಆರಾಮಾಗಿ ಬಂದವು.

ಈಗ ನನ್ನ ಬದಾಮ್ ಎಕ್ಕ, ಕಿಲ್ವರ್ ರಾಜ ಕಿತ್ತುಕೊಂಡು ಚೌಕಟ್ ರಾಜ-ರಾಣಿ, ಕಿಲ್ವರ್ ರಾಣಿ ಕೊಡಿ. ಅದೇ 14. ಆದರೆ ಅವನ ಒಂಟಿ ಎಲೆಯ ಎದುರು ಆ ರಾಜ-ರಾಣಿ ದಂಡ. ಎರಡು ಎಕ್ಕ ಎದುರಾಳಿಗಳ ಹತ್ತಿರ. ಅಂಥ ಕೈಯಲ್ಲಿ 4 ಇಸ್ಪೀಟ್, ಅಂದರೆ 10 ಟ್ರಿಕ್ಕಿನ ಗೇಮ್, ಅಂದು ತೆಪ್ಪಗಿರಬೇಕು.

ಅಪಾಯದ ಲೆಕ್ಕವೂ ಹೇಳುತ್ತೇನೆ. ವಲ್ನರಬಲ್ ಇದ್ದಾಗ (ಬೋನಸ್ಸೂ ದಂಡವೂ ಹೆಚ್ಚಿರುವಾಗ) ಈ ಸ್ಲ್ಯಾಮಿಗೆ 1430, ಗೇಮಿನಲ್ಲೇ ನಿಂತು 12 ಮಾಡಿದರೆ 680. ಅಂದರೆ 750 ಜಾಸ್ತಿ. ಒಂದು ಟ್ರಿಕ್ ತಪ್ಪಿದರೆ ಗೇಮಿನ 650 ಹೋಯಿತು, ಮೇಲೆ 100 ದಂಡ. ಅದೂ 750. ಅರ್ಧಕ್ಕರ್ಧ ಅವಕಾಶವಿದ್ದರೆ ಸಾಕು, ಹೇಳಿ. ಹದಿಮೂರೂ ಟ್ರಿಕ್ ಬೇಕಾದ ಗ್ರ್ಯಾಂಡ್ ಸ್ಲ್ಯಾಮಿಗೆ ಮಾತ್ರ ಇಷ್ಟು ಧೈರ್ಯ ಬೇಡ.

ಕಾಕುಗೂ ಒಂದು ಸುದ್ದಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಶಿಬ್‌ನಾಥ್ ಸರ್ಕಾರ್ ಜೊತೆ ಬ್ರಿಜ್ ಆಡಿ ಚಿನ್ನ ಗೆದ್ದಾಗ ಪ್ರಣಬ್ ಬರ್ಧನ್‌ಗೆ 60 ವರ್ಷ. ಎಲೆ ಆಡುತ್ತೀರಿ ಅಂತ ಅವರು ನಿಮ್ಮನ್ನು ಬೈಯುವುದು ಇನ್ನಾದರೂ ಕಡಿಮೆಯಾಗಲಿ, ಅಲ್ವಾ?

ದೀಪಾವಳಿಗೆ ಬರುತ್ತೇನೆ. ಆ 33ರ ಗೆಳೆಯರಲ್ಲಿ ಇಬ್ಬರನ್ನು ಹಿಡಿದಿಟ್ಟಿರಿ. ನಾನು ನಿಮ್ಮ ಜೊತೆಗಾರನಾಗಿ ಎದುರಿಗೆ ಕೂರುತ್ತೇನೆ.

ನಿಮ್ಮ,
ಪುಟ್ಟ